ಮಾರ್ಲಿಸಳ ಕೋಲು

ಕಾನೂನಿನ ಪ್ರಕಾರ ಒಬ್ಬರಿಗೆ ಒಂದೇ ಗಾಳ. ಹಾಗಾಗಿ ಎಲ್ರಾಯ್ ಹೌಗನ್ ಪ್ರತಿ ವರ್ಷ ಹೆಂಡತಿ ಮಾರ್ಲಿಸಳ ಹೆಸರಿನಲ್ಲೂ ಒಂದು ಲೈಸೆನ್ಸು ಮಾಡಿಸುತ್ತಿದ್ದ. ದೋಣಿಯ ಎಡಕ್ಕೊಂದು, ಬಲಕ್ಕೊಂದು ಗಾಳದ ಕೋಲು; ಎಡಗಡೆಯದು ಅವಳದಂತೆ. ಆದರೆ ಯಾವ ಕೋಲು ಬಾಗಿದರೂ ನೆಗೆದು ಹಿಡಿಯುವವನು ಇವನೇ. ಮೋಟರು ಓಡಿಸುವುದು, ಸಿಕ್ಕ ಮೀನಿಗೆ ಕೈಬಲೆ ಒಡ್ಡುವುದು, ಫೋಟೋ ತೆಗೆಯುವುದು ಅವಳ ಪಾಲು. ಮದುವೆಯಾದಾಗಿನಿಂದ ನಡೆದುಬಂದ ಈ ನ್ಯಾಯವನ್ನು ಊರಲ್ಲಿ ಯಾರೂ ಪ್ರಶ್ನಿಸಿರಲಿಲ್ಲ. ಗಂಡಸರ ಊರು ನೋಡಿ!

ಈ ನವೆಂಬರಿನಲ್ಲಿ ಮಾರ್ಲಿಸಳೇ ಪ್ರಶ್ನಿಸಿದಳು. ಸರೋವರದ ಅಂಚಿನಲ್ಲಿ ಆಗಲೇ ಮಂಜುಗಡ್ಡೆ ಕಟ್ಟತೊಡಗಿತ್ತು. ದೋಣಿ ಇಳಿಸಲು ಅದೇ ಕೊನೆಯ ರಾತ್ರಿ.

"ಇವತ್ತು ನನ್ ಕೋಲು ನಂದು. ಮೋಟರ್ ನೀನ್ ಹಿಡಿ."

"ಆಯ್ತು ಮಾರಾಯ್ತಿ, ಇದೊಂದು ರಾತ್ರಿ. ಮಸ್ಕಿ ಮೀನು ಬೀಳ್ಲಿಲ್ಲ ಅಂದ್ರೆ ಇನ್ಮೇಲೆ ಕೋಲಿನ ಸುದ್ದಿ ಎತ್ತೋ ಹಾಗಿಲ್ಲ. ಒಪ್ಪಿಗೆನಾ?"

"ಒಪ್ಪಿಗೆ," ಎಂದಳು.

ಕತ್ತಲಲ್ಲಿ ದೋಣಿ ನಿಧಾನಕ್ಕೆ ಸಾಗಿತು. ಹಿಂದೆ ದೂರದಲ್ಲಿ, ಗಾಳದ ಕೊಕ್ಕೆ ಸಿಕ್ಕಿಸಿದ ಮರದ ಹುಸಿಮೀನುಗಳು ಬಳುಕುತ್ತಾ ಬರುತ್ತಿದ್ದವು. ನೂಲು ಹಾಯುವ ಕೋಲಿನ ಉಂಗುರಗಳಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು. ಮಾರ್ಲಿಸ್ ಆಗಾಗ ತುದಿಯನ್ನು ಸರೋವರಕ್ಕೆ ಅದ್ದಿ ಕರಗಿಸುತ್ತಿದ್ದಳು.

"ಕಾಫಿಗೆ ಬನ್ ಅದ್ದಿದ ಹಾಗೆ ಎಷ್ಟು ಸಲ ಅದ್ದುತೀಯೇ?" ಎಲ್ರಾಯ್ ಕಿಚಾಯಿಸಿದ.

"ಮುಂದೆ ನೋಡ್ಕೊಂಡು ಓಡ್ಸು. ಬಂಡೆ ಸಾಲು ಇಲ್ಲೇ ಮುಗಿಯುತ್ತೆ, ಬಲಕ್ಕೆ ತಿರುಗಿಸು."

"ಈ ಕತ್ತಲಲ್ಲಿ ನಿಂಗ್ ಹೆಂಗ್ ಗೊತ್ತು?"

"ಇಷ್ಟು ವರ್ಷ ದೋಣಿ ಓಡ್ಸಿದ್ದು ಯಾರು, ನಿಮ್ಮಪ್ಪಾನಾ?"

ಅವನು ಬಲಕ್ಕೆ ತಿರುಗಿಸಿದ. ಅವಳ ಹುಸಿಮೀನು ಹೊರಸುತ್ತಿಗೆ ಬಂದು ವೇಗ ಪಡೆಯಿತು. ಮರುಕ್ಷಣವೇ ಕೋಲು ಬಿಲ್ಲಿನಂತೆ ಬಾಗಿ, ರೀಲು ಕಿರ್ರೆಂದು ಅರಚಿತು.

ಅಭ್ಯಾಸಬಲ! ಎಲ್ರಾಯ್ ಮೋಟರು ಬಿಟ್ಟು ಕೋಲಿಗೆ ಕೈ ಚಾಚಿದ.

"ಮುಟ್ಟಿದ್ರೆ ನಿನ್ನನ್ನೇ ನೀರಿಗೆ ದೂಡ್ತೀನಿ!"

ಅಷ್ಟರಲ್ಲಿ ದೋಣಿ ನಿಂತು, ನೂಲು ಜೋತುಬಿದ್ದಿತ್ತು. ನೂಲು ಸಡಿಲಾದರೆ ಮೀನು ಕೊಕ್ಕೆ ಕಳಚಿಕೊಳ್ಳುತ್ತದೆ. ಹೋಯಿತು, ಈ ಮಹಾನುಭಾವನಿಂದ ಎಲ್ಲಾ ಹೋಯಿತು.

"ಓಡ್ಸೋ! ಮುಂದಕ್ಕೆ ಓಡ್ಸು!"

ಮೋಟರು ಗುರುಗುಟ್ಟಿತು. ಮಾರ್ಲಿಸ್ ಉಸಿರು ಬಿಗಿಹಿಡಿದು ರೀಲು ಸುತ್ತಿದಳು, ಸುತ್ತಿದಳು. ಕೊನೆಗೂ ಆ ಭಾರ ಮತ್ತೆ ಕೈಗೆ ಸಿಕ್ಕಿತು. ಮೀನು ಇನ್ನೂ ಅಲ್ಲೇ ಇತ್ತು! ಅದು ಆಳಕ್ಕೆ ಎಳೆಯಿತು, ದೋಣಿಯಡಿಗೆ ನುಗ್ಗಿತು, ತಲೆ ಒದರಿತು. ತೋಳು ಕಿತ್ತುಬರುವಂತಿದ್ದರೂ ಅವಳು ಬಿಡಲಿಲ್ಲ. ಹಣೆಯ ದೀಪದ ಬೆಳಕಿಗೆ ಹಲ್ಲು ತುಂಬಿದ ಬಾಯಿ ಕಾಣಿಸಿದಾಗ ಎಲ್ರಾಯ್ ಬಲೆ ಹಿಡಿದು ಬಾಲದ ಕಡೆಗೆ ಧಾವಿಸಿದ.

"ತಲೆ ಕಡೆಯಿಂದ ಕಣೋ! ಬಲೆ ಹಿಡಿದು ಗೊತ್ತಿಲ್ವಾ?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಪಾಪ. ಎರಡನೇ ಸಲಕ್ಕೆ ಮೀನು ಬಲೆಗೆ ಬಿತ್ತು.

ಮೀನನ್ನು ನೀರಲ್ಲೇ ಇಟ್ಟು, ಇಕ್ಕಳದಿಂದ ಕೊಕ್ಕೆ ಬಿಡಿಸಿ, ಅಳತೆಪಟ್ಟಿಯ ಮೇಲಿಟ್ಟರು. ಎಲ್ರಾಯ್ ಬಗ್ಗಿ ಎರಡೆರಡು ಸಲ ಅಳತೆ ಓದಿದ.

"ನೀನು ಹಿಡಿದಿದ್ರಲ್ಲೇ ದೊಡ್ಡದಕ್ಕಿಂತ?"

"ನಾಲ್ಕು ಬೆರಳು ಜಾಸ್ತಿ," ಎಂದ, ಹಲ್ಲು ಕೀಳಿಸಿಕೊಳ್ಳುವವನಂತೆ. ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. "ಎಂಥಾ ಮೀನೇ, ಮಾರ್ಲಿಸ್!"

ಹಿಡಿದ ಮಸ್ಕಿಯನ್ನು ಅಳೆದು ಮತ್ತೆ ನೀರಿಗೆ ಬಿಡುವುದೇ ಅವರ ರೂಢಿ. ಅವಳು ಅದರ ಬಾಲ ಹಿಡಿದು, ದಣಿವಾರಲೆಂದು ನೀರಲ್ಲಿ ಹಗುರವಾಗಿ ಆಡಿಸಿದಳು. ಅದು ಒಮ್ಮೆ ಕೊಡವಿಕೊಂಡು ಅವಳ ಮುಖಕ್ಕೆ ನೀರೆರಚಿ ಕತ್ತಲಿಗೆ ಇಳಿದುಹೋಯಿತು. ಮಾರ್ಲಿಸ್ ಎದ್ದುನಿಂತು, ಆಚೆ ದಡದ ನಾಯಿಗಳೆಲ್ಲ ಬೊಗಳುವಂತೆ ಕೇಕೆ ಹಾಕಿದಳು. ಅಂಥ ಖುಷಿ ಅವಳಿಗೆ ಎಂದೂ ಆಗಿರಲಿಲ್ಲ.

"ಸರಿ, ಮನೆಗೆ ಹೋಗಣ್ವಾ?" ಎಂದ ಎಲ್ರಾಯ್, ಕೋಲಿನ ಪಕ್ಕದ ತನ್ನ ಹಳೆಯ ಜಾಗದತ್ತ ಮೆಲ್ಲಗೆ ಸರಿಯುತ್ತಾ.

ಮಾರ್ಲಿಸ್ ಆಗಲೇ ಹುಸಿಮೀನನ್ನು ಮತ್ತೆ ನೀರಿಗೆ ಬಿಟ್ಟಿದ್ದಳು.

ಎಲ್ರಾಯ್ ಹಿಂದಕ್ಕೆ ಹೋಗಿ ಕುಳಿತು ಮೋಟರಿನ ಹಿಡಿಗೆ ಕೈ ಹಾಕಿದ.

"ಎಡಕ್ಕೋ, ಬಲಕ್ಕೋ?" ಎಂದು ಕೇಳಿದ.