ಕತ್ತೆ ನಿಂತ ದಾರಿ

ಹೆಣ ಹೊತ್ತ ನಾಲ್ವರೂ ತಿರುವಿನಲ್ಲಿ ಹೆಜ್ಜೆ ತಡೆದರು. ದಾರಿಗೆ ಅಡ್ಡಲಾಗಿ ಕತ್ತೆಗಳು ನಿಂತಿದ್ದವು. ಬೂದಿ ಬಣ್ಣದವು, ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡವು. ಗಣಿ ಮುಚ್ಚಿದ ಮೇಲೆ ಯಾರ ಹಗ್ಗಕ್ಕೂ ಸಿಗದೆ ಬೆಳೆದ ಸಂತತಿ.

ಸತ್ತವನ ಅಳಿಯ, ಲಾರಿ ಓಡಿಸುವವನು, ಮುಂದೆ ಹೋಗಿ ಚಪ್ಪಾಳೆ ತಟ್ಟಿದ. ಒಂದು ಕಿವಿಯೂ ಅಲುಗಲಿಲ್ಲ.

"ಕತ್ತೆಗೇನು ಗೊತ್ತು ಮಣ್ಣಿಗೆ ಹೋಗೋರ ಅವಸರ," ಎಂದ. "ಇರ್ಲಿ, ನಾಳೆ ಇಷ್ಟೊತ್ತಿಗೆ ಎಲ್ಲಾ ನನ್ನ ಲಾರೀಲಿರ್ತವೆ."

ಅವನ ಹೆಂಡತಿ, ಸತ್ತವನ ಮಗಳು, ತಲೆ ತಗ್ಗಿಸಿದಳು. ಕೈತೋಟ ಮೇಯುವ ಇವನ್ನು ಹಿಡಿಸಿ ದೂರ ಸಾಗಿಸಬೇಕೆಂದು ಬೀದಿಯವರು ಎಷ್ಟೋ ಕಾಲದಿಂದ ಹಲ್ಲು ಕಡಿಯುತ್ತಿದ್ದರು. ಅಪ್ಪ ಇರುವ ತನಕ ಯಾರಿಗೂ ಧೈರ್ಯವಿರಲಿಲ್ಲ. ಬೆಳಿಗ್ಗೆ ಅಪ್ಪನ ಮುಖ ಒರೆಸುತ್ತಿದ್ದಾಗ, ಇನ್ನು ಇವನ್ನು ಸಾಗಿಸಲೇ ಎಂದು ಗಂಡ ಕೇಳಿದ್ದ. ಅಳುತ್ತಲೇ ಹೂಂ ಅಂದುಬಿಟ್ಟಿದ್ದಳು.

ಅಪ್ಪನ ಜೊತೆ ಸುರಂಗದಲ್ಲಿ ದುಡಿದಿದ್ದ ಮುದುಕ ಚಟ್ಟವನ್ನು ಇಳಿಸಲು ಹೇಳಿ, ಅಂಗೈಯನ್ನು ನೆಲಕ್ಕೆ ಊರಿದ.

"ಏನಜ್ಜ, ಕಾಲ ಬಂದ್ರೆ ಕತ್ತೆ ಕಾಲು ಹಿಡೀಬೇಕು ಅಂತಾರಲ್ಲ, ಅದಾ?" ಎಂದ ಅಳಿಯ.

"ಹೂಂ ಕಣಪ್ಪ. ನಿಮ್ಮ ಮಾವ ದಿನಾ ಹಿಡೀತಿದ್ದ. ಕತ್ತೆ ನಿಂತ್ರೆ ನಾವೂ ನಿಂತ್ಕೋಬೇಕು, ಅಷ್ಟೇ."

*

ಸುರಂಗದಲ್ಲಿ ಅದೊಂದೇ ಕಟ್ಟಳೆ. ಅದಿರಿನ ಬಂಡಿ ಎಳೆಯುವ ಕತ್ತೆ ನಿಂತರೆ ಹಿಂದಿರುವವನೂ ಉಸಿರು ಹಿಡಿದು ನಿಲ್ಲಬೇಕು. ಬಂಡೆಯ ಒಳಮಾತು ಮನುಷ್ಯನಿಗಿಂತ ಮೊದಲು ಗೊರಸಿಗೆ ಕೇಳಿಸುತ್ತದೆ. ಮೇಸ್ತ್ರಿ ಎಷ್ಟೇ ಕೂಗಾಡಿದರೂ ಅಪ್ಪ ಎಂದೂ ಚಾಟಿ ಎತ್ತಲಿಲ್ಲ. ಗಣಿ ಮುಚ್ಚಿದ ದಿನ, ಕಟುಕರ ಗಾಡಿ ಬರುವ ಮುನ್ನ, ಲಾಯದ ಅಗುಳಿ ತೆಗೆದವನೂ ಅವನೇ. ಕತ್ತಲಲ್ಲೇ ಬೆಳೆದಿದ್ದ ಕತ್ತೆಗಳು ಬಯಲಿಗೆ ಬಂದು, ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ನಿಂತು, ಆಮೇಲೆ ಒಮ್ಮೆಲೇ ಓಡಿದವಂತೆ. ಅದನ್ನು ಹೇಳುವಾಗ ಅಪ್ಪನ ದನಿ ಇಳಿಯುತ್ತಿತ್ತು. ರಾಕ್ಷಸನ ಗುಹೆಯಿಂದ ರಾಜಕುಮಾರರು ಹೊರಬಿದ್ದ ಕತೆಯೇನೋ ಎಂಬಂತೆ ಮಗಳು ಬಾಯಿ ಬಿಟ್ಟು ಕೇಳುತ್ತಿದ್ದಳು.

*

ಅಳಿಯನಿಗೆ ಸಾಕಾಯಿತು. ಕತ್ತೆಗಳ ನಡುವೆ ನುಗ್ಗಲು ಹೊರಟ. ಅವಳು ಅವನ ತೋಳು ಹಿಡಿದಳು, ಬಿಡಲಿಲ್ಲ.

ಆಗ ಕತ್ತೆಗಳ ಆಚೆಗೆ ರಸ್ತೆ ಕುಸಿಯಿತು. ಹಿಟ್ಟಿನ ಚೀಲ ಜಗ್ಗಿದಷ್ಟೇ ಮೆತ್ತಗೆ. ಹಳೆಯ ಸುರಂಗದ ತಣ್ಣನೆಯ ಗಾಳಿ ಮೇಲೆದ್ದು ಅಪ್ಪನ ಎದೆಯ ಮೇಲಿನ ಬಟ್ಟೆಯನ್ನು ಉಬ್ಬಿಸಿ, ಇಳಿಸಿತು.



"ರೀ, ಇವನ್ನ ಎಲ್ಲಿಗೂ ಕಳಿಸೋದು ಬೇಡ," ಎಂದಳು ಮಗಳು. ಗುಂಡಿಯಿಂದ ಕಣ್ಣು ಕೀಳದೆ ಅವನು ತಲೆಯಾಡಿಸಿದ.

ಮುದಿ ಹೆಣ್ಣುಕತ್ತೆಯೊಂದು ಹೊರಳಿ ಗುಡ್ಡದ ಕಾಲುದಾರಿ ಹತ್ತಿತು. ಮಿಕ್ಕವು ಹಿಂಬಾಲಿಸಿದವು. ಚಟ್ಟ ಮತ್ತೆ ಹೆಗಲೇರಿತು. ಕೆಂಪು ಧೂಳಿನಲ್ಲಿ ಬಿದ್ದ ಒಂದೊಂದೇ ಗೊರಸಿನ ಗುರುತಿನ ಮೇಲೆ ಪಾದವಿಡುತ್ತ, ಇಡೀ ಬೀದಿ ಒಂದೇ ಸಾಲಾಗಿ ಮೇಲೇರಿತು.