ಎರಡು ಡುಬ್ಬದ ಮಸಿ

ಬೆರ್ಮೆತ್‌ಳ ಪೊರೆ ಹತ್ತನೆಯ ಸಲವೂ ಸಿಪ್ಪೆ ಎದ್ದಿತು.

ಮೀಥೇನ್ ಅನಿಲವನ್ನು ಒಡೆದು, ಸಿಲಿಕಾನ್ ಬಿಲ್ಲೆಯ ಮೇಲೆ ಹೆಚ್ಚುಕಡಿಮೆ ವಜ್ರದಷ್ಟೇ ಗಟ್ಟಿಯಾದ ಇಂಗಾಲದ ತೆಳುಪೊರೆ ಕೂರಿಸುವುದು ಅವಳ ಸಂಶೋಧನೆ. ಕೂರುತ್ತಿತ್ತು, ಇಲ್ಲವೆನ್ನಲಾರೆ. ಆದರೆ ನಿರ್ವಾತ ಪೆಟ್ಟಿಗೆಯಿಂದ ತೆಗೆದು ಒಂದು ಬಟ್ಟಲು ಚಹಾ ಕುಡಿದು ಬರುವಷ್ಟರಲ್ಲಿ ಒಣಗಿದ ಕೆಸರಿನಂತೆ ಬಿರಿದು, ಅಂಚು ಸುರುಳಿಸಿಕೊಂಡು ಎದ್ದುಬಿಡುತ್ತಿತ್ತು. ಏಪ್ರಿಲ್ ಮುಗಿಯುವುದರೊಳಗೆ ಐದು ಬಿಲ್ಲೆಗಳಾದರೂ ನಿಲ್ಲದಿದ್ದರೆ ಪೆಟ್ಟಿಗೆಯನ್ನು ಗಾಜಿನ ವಿಭಾಗದವರಿಗೆ ಬಿಟ್ಟುಕೊಡುವುದಾಗಿ ಪ್ರೊಫೆಸರರು ಹೇಳಿಯಾಗಿತ್ತು. ಆಮೇಲೆ ಅವಳು ಬಿಷ್ಕೆಕ್ ಬಿಟ್ಟು ತನ್ನೂರು ನಾರಿನ್‌ಗೆ ಮರಳಿ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ಪ್ರೊಫೆಸರರು ಮೂಗಿನಲ್ಲೇ ಮಾತಾಡುವವರು. ಅವರ ಆ ‘ಗಾಜಿನವ್ರಿಗೆ’ಯನ್ನು ನಾನು ಅನುಕರಿಸಿ ತೋರಿಸಿದರೆ ಇಡೀ ಮಹಡಿ ನಗುತ್ತಿತ್ತು. ಆ ವಾರ ಬೆರ್ಮೆತ್ ನಗಲಿಲ್ಲ, ನಾನೂ ನಿಲ್ಲಿಸಿದೆ.

ಬಿಲ್ಲೆಗಳನ್ನು ತೊಳೆದಿಡುವವರು ಸಾಕಿನ್ ಅಪಾ; ಅಪಾ ಅಂದರೆ ನಮ್ಮಲ್ಲಿ ಅಮ್ಮ. ಮೂವತ್ತು ವರ್ಷದಿಂದ ಸಂಸ್ಥೆಯ ಗಾಜು, ಇಕ್ಕಳ, ಬಟ್ಟಲು ಎಲ್ಲವೂ ಅವರ ಕೈಯಲ್ಲೇ ಹೊಳೆದದ್ದು. ಮೊದಲ ಪೊರೆ ಎದ್ದ ದಿನ ಬೆರ್ಮೆತ್ ಕಾರಿಡಾರಿನ ಕಿಟಕಿಗೆ ಹಣೆ ಆನಿಸಿ ಅತ್ತಿದ್ದಳು. ಅಪಾ ಹಾಲು ಹಾಕಿದ ಚಹಾ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬಿಸಿ ಬೋರ್ಸೋಕ್ ತಂದು ಅವಳ ಕೈಗಿಟ್ಟು, ಯಾರದೋ ಕಣ್ಣು ಬಿದ್ದಿದೆ ಎಂದಷ್ಟೇ ಹೇಳಿ ಹೋಗಿದ್ದರು.

ನನ್ನ ಪಾಲಿಗಿರುವುದು ರಾಮನ್ ಯಂತ್ರ. ಲೇಸರ್ ಬೆಳಕು ಬಿದ್ದರೆ ಸಾಕು, ಇಂಗಾಲ ತನ್ನ ಕುಲಗೋತ್ರವನ್ನು ತಾನೇ ಗೆರೆ ಎಳೆದು ಹೇಳುತ್ತದೆ. ನಮ್ಮ ಪೊರೆಯ ಗೆರೆಗೆ ಒಂದೇ ಡುಬ್ಬ, ಅದೂ ಎಡಕ್ಕೆ ವಾಲಿದ್ದು: ಅರಬರ ಒಂಟೆ. ಮಸಿಯ ಗೆರೆಗೆ ಎರಡು ಡುಬ್ಬ: ನಮ್ಮೂರ ಒಂಟೆ. ಏಪ್ರಿಲ್ ಎರಡನೆಯ ವಾರ, ಹೋಲಿಕೆಗಿರಲಿ ಎಂದು ಇನ್ನೂ ಪೊರೆ ಕೂರಿಸದ ಬರಿಯ ಬಿಲ್ಲೆಯೊಂದನ್ನು ಇಟ್ಟು ನೋಡಿದೆ. ಏನೂ ಇರಬಾರದ ಜಾಗದಲ್ಲಿ ನಮ್ಮೂರ ಒಂಟೆ ನಿಂತಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೇ ಬಂದೆ. ತೊಳೆಯುವ ಕೋಣೆಯಲ್ಲಿ ಅಪಾ ಬಿಲ್ಲೆಗಳನ್ನು ತಟ್ಟೆಯಲ್ಲಿ ಸಾಲಾಗಿ ಮಲಗಿಸಿ, ಕಬ್ಬಿಣದ ಸೌಟಿನಲ್ಲಿ ಆರ್ಚಾ ಎಂಬ ಘಮಘಮಿಸುವ ಬೆಟ್ಟದ ಮರದ ಕಡ್ಡಿಗಳನ್ನು ಹೊಗೆಯಾಡಿಸಿ, ತೊಟ್ಟಿಲ ಕೂಸಿಗೆ ನಿವಾಳಿಸುವ ಹಾಗೆ ‘ಅಲಸ್, ಅಲಸ್’ ಎನ್ನುತ್ತಾ ಸುತ್ತು ಹಾಕುತ್ತಿದ್ದರು. ಆರ್ಚಾ ವಾಸನೆ ನಮ್ಮ ಮನೆ, ಕೋಟು, ತಲೆಗೂದಲು ಎಲ್ಲದರಲ್ಲೂ ಇರುವುದರಿಂದ ಯಾರ ಮೂಗೂ ಸುಳಿವು ಕೊಟ್ಟಿರಲಿಲ್ಲ. ಮೊದಲ ಪೊರೆ ಎದ್ದದ್ದು ಬೆರ್ಮೆತ್‌ಳ ಆತುರದಿಂದ. ಆಮೇಲಿನದೆಲ್ಲ ಅಪಾ ಅವರ ಪ್ರೀತಿಯಿಂದ: ದೃಷ್ಟಿ ತೆಗೆಯುವ ಹೊಗೆಯ ಮಸಿ ಬಿಲ್ಲೆಗೆ ಕೂತು ಪೊರೆಯನ್ನು ಹಿಡಿಯಗೊಡುತ್ತಿರಲಿಲ್ಲ. ಸಿಪ್ಪೆ ಎದ್ದಷ್ಟೂ ಹೊಗೆ ಹೆಚ್ಚಿತು, ಹೊಗೆ ಹೆಚ್ಚಿದಷ್ಟೂ ಸಿಪ್ಪೆ.

ಬೆರ್ಮೆತ್‌ಗೆ ತಿಳಿಸಿದೆ. ಅವಳು ನನ್ನನ್ನು ಬೈಕೆ, ಅಂದರೆ ಅಣ್ಣ, ಎಂದು ಕರೆಯುತ್ತಾಳೆ. ಎಷ್ಟು ಕಾಡಿದರೂ ಬೈದವಳಲ್ಲ. ಅಂದು ಮಾತ್ರ, ಅಪಾಗೆ ಒಂದು ಮಾತು ಹೋದರೂ ನಿಮ್ಮ ಜೊತೆ ಮಾತಿಲ್ಲ ಎಂದು ಬೆರಳು ತೋರಿಸಿ ಹೇಳಿದಳು. ಅಪಾಗೆ ಬೆನ್ನುನೋವು, ಇನ್ನು ಬಿಲ್ಲೆ ತಾನೇ ತೊಳೆಯುತ್ತೇನೆ ಎಂದು ಒಂದು ನೆಪ ಹೂಡಿದಳು.

ಅದು ತಪ್ಪಾಯಿತು. ಎರಡು ದಿನ ಚಹಾ ಬರಲಿಲ್ಲ. ಮೂರನೆಯ ದಿನ ಅಪಾ ಬಂದು ತೊಳೆಯುವ ಕೋಣೆಯ ಬೀಗದ ಕೈಯನ್ನು ಅವಳ ಮೇಜಿನ ಮೇಲಿಟ್ಟರು.

“ನನ್ನ ಕೈ ಅಷ್ಟು ಕೊಳಕಾಗೋಯ್ತಾ, ಮಗಳೇ?”

ಬೆರ್ಮೆತ್ ಅವರ ತೋಳು ಹಿಡಿದು ನನ್ನ ಯಂತ್ರದ ಮುಂದೆ ಕೂರಿಸಿದಳು. ಗೆರೆಯನ್ನು ತೋರಿಸಿದಳು. ಒಂಟೆಯ ಕಥೆ ಹೇಳುವ ಸರದಿ ನನ್ನದಾಯಿತು. ನಗಿಸೋಣವೆಂದು ಹೊರಟ ದನಿ ನಡುವೆಯೇ ತಗ್ಗಿತು. ಅಪಾ ಕನ್ನಡಕ ಹಾಕಿಕೊಂಡು ಆ ಎರಡು ಡುಬ್ಬಗಳನ್ನು ತುಂಬ ಹೊತ್ತು ನೋಡಿದರು.

“ಇದು ನನ್ನ ಆರ್ಚಾನಾ?”

“ಹೌದು, ಅಪಾ.”

“ಹಾಗಾದ್ರೆ ನಿನ್ನ ಎರಡು ತಿಂಗಳು ಅಳ್ಸಿದ್ದು ನಾನೇ.”

“ಅತ್ತಾಗೆಲ್ಲ ಚಹಾ ಕೊಟ್ಟಿದ್ದೂ ನೀವೇ. ಬೇರೆ ಯಾರು ಬಂದಿದ್ರು?”

ಅಪಾ ಬೀಗದ ಕೈಯನ್ನು ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಆ ಸಂಜೆ ಬಿಲ್ಲೆಗಳನ್ನು ಮೂರು ಸಲ ತೊಳೆದರು. ಬಾಗಿಲಿಗೆ ಒದ್ದೆ ಬಟ್ಟೆ ತುರುಕಿದರು. ಸಿಗರೇಟು ಸೇದಿ ಬಂದ ನನ್ನನ್ನು, “ಆ ಬಾಯಿ ಇಟ್ಕೊಂಡು ಈ ಕಡೆ ಬಂದ್ರೆ ನಿನ್ನ ಮೇಲೆ ಎಷ್ಟು ಡುಬ್ಬ ಏಳುತ್ತೋ ಗೊತ್ತಿಲ್ಲ,” ಎಂದು ಕಾರಿಡಾರಿನಿಂದಲೇ ಓಡಿಸಿದರು.

ಐದು ಬಿಲ್ಲೆಗಳ ಹೊಸ ಪೊರೆಗಳನ್ನು ಒಂದು ರಾತ್ರಿ ಹಾಗೇ ಬಿಟ್ಟೆವು. ಬೆಳಿಗ್ಗೆ ಯಾವುದೂ ಬಿರಿದಿರಲಿಲ್ಲ. ಇನ್ನು ಟೇಪು ಅಂಟಿಸಿ ಒಮ್ಮೆಗೇ ಕಿತ್ತು ನೋಡುವುದೊಂದೇ ಉಳಿದಿತ್ತು. ಗಟ್ಟಿಯಾಗಿ ಹಿಡಿಯದ ಪೊರೆ ಟೇಪಿನ ಜೊತೆಗೇ ಬರುತ್ತದೆ. ಬೆರ್ಮೆತ್ ಅಂಟಿಸಿದಳು, ಉಜ್ಜಿದಳು, ತುದಿ ಹಿಡಿದಳು. ಎಳೆಯಲಾಗಲಿಲ್ಲ. ತುದಿಯನ್ನು ಅಪಾ ಅವರ ಬೆರಳಿಗೆ ಕೊಟ್ಟು ಬೇರೆ ಕಡೆ ಮುಖ ಮಾಡಿದಳು.

ಅಪಾ ಎಳೆದರು. ಸರ್ರೆಂದಿತು. ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದು ಈ ಮಗ್ಗುಲು ಆ ಮಗ್ಗುಲು ತಿರುಗಿಸಿ ನೋಡಿದರು. ಒಂದು ಚುಕ್ಕೆ ಇಂಗಾಲವೂ ಅದರಲ್ಲಿರಲಿಲ್ಲ. ನಾನು ಕೂಗಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

“ತಡಿ. ಇನ್ನೂ ನಾಲ್ಕಿದೆ. ಇದೊಂದು ನನ್ನ ಮುಲಾಜಿಗೆ ಅಂಟ್ಕೊಂಡಿರ್ಬೋದು,” ಎಂದು ಎರಡನೆಯ ಬಿಲ್ಲೆಗಾಗಿ ಕೈ ಚಾಚಿದರು.