ಮೈಯಳತೆ

ಟೇಪಿನ ಹಿತ್ತಾಳೆ ತುದಿ ತಣ್ಣಗಿದೆ, ಹೆಗಲಿಂದ ಜಾರಿ ಎದೆಯ ಮೇಲೆ ಬಂದಾಗ ಗಿರಿಜಾದೇವಿ ಉಸಿರು ಹಿಡಿದಳು, ಉಸಿರು ಬಿಡಿ ಅಮ್ಮಾರೆ, ಇಲ್ಲಾಂದ್ರೆ ಅಳತೆ ತಪ್ಪುತ್ತೆ ಅನ್ನುತ್ತಾಳೆ ಮುನಿಲಕ್ಷ್ಮಮ್ಮ, ಎಂಟು ವರ್ಷದಿಂದ ರಾಜಾಜಿನಗರದ ಈ ಮನೆಯ ರವಿಕೆಗಳನ್ನೆಲ್ಲ ಹೊಲಿದವಳು, ಮೈಗೆ ಟೇಪು ಹಿಡಿದದ್ದು ಮಾತ್ರ ಇದೇ ಮೊದಲು, ಅಳತೆ ರವಿಕೆಯೊಂದನ್ನು ಪೇಪರಿನಲ್ಲಿ ಸುತ್ತಿ ಕಳಿಸಿದರೆ ಮುಗಿಯುತ್ತಿತ್ತು, ಈಗ ಬೀರುವಿನಲ್ಲಿರುವ ರವಿಕೆಗಳೆಲ್ಲ ಬೇರೆ ಯಾರದೋ ಹೆಂಗಸಿನವು — ಆಪರೇಷನ್ ಆಗಿ ನಾಲ್ಕು ತಿಂಗಳು, ತುಂಬು ಎದೆಯ ಭಾರ ಕೊಯ್ದು ಇಳಿಸಿದ್ದಾರೆ, ಹೆಗಲಲ್ಲಿ ಒಳರವಿಕೆಯ ಪಟ್ಟಿ ಕೊರೆದ ಗೆರೆ ಇನ್ನೂ ಹೋಗಿಲ್ಲ, ಬೆನ್ನುನೋವಿಗೆ ಅಂತ ಎಲ್ಲರಿಗೂ ಹೇಳಿದ್ದು, ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ, ಅರವತ್ತೈದನೇ ಇಸವಿಯಲ್ಲಿ ಕಾಲೇಜು ಸೇರಿ ಮೂರು ವರ್ಷವೂ ಪುಸ್ತಕಗಳನ್ನು ಎದೆಗವಚಿಕೊಂಡೇ ನಡೆದವಳಿಗೆ ಒಮ್ಮೆ ಕೈ ಬೀಸಿಕೊಂಡು ಬಸ್ಸಿನ ಹಿಂದೆ ಓಡಬೇಕಿತ್ತು, ಚಂದ ಕಾಣಬೇಕಿತ್ತು, ಇದನ್ನು ಯಾರಿಗೆ ಹೇಳುವುದು, ದೇವರು ಕೊಟ್ಟಿದ್ದನ್ನ ಕೊಯ್ಸಿಕೊಂಡು ಬಂದಾಳ ನೋಡ್ರಿ ಅಂತ ಅತ್ತೆ ನೀಲಮ್ಮ ಪಕ್ಕದ ಮನೆಯವರ ಮುಂದೆ ಆಡಿದ್ದು ಅಡುಗೆಮನೆಗೆ ಕೇಳಿಸಿತ್ತು, ಡಾಕ್ಟರು ಹೇಳಿದ್ದು ಬೇರೆ, ಊತ ಇಳೀಲಿ, ಒಂದು ವರ್ಷ ಕಾಯಿರಿ, ತೀರಾ ಸಮ ಅಂತ ಯಾರಿಗೂ ಇರಲ್ಲ — ದಿನವೂ ಸ್ನಾನವಾದ ಮೇಲೆ ಕನ್ನಡಿಯಲ್ಲಿ ನೋಡುತ್ತಾಳೆ, ಎಡದ್ದು ಒಂದು ಬೆರಳು ಮೇಲೆ, ಹೊಲಿಗೆಯ ಗೆರೆ ನೇರಳೆಯಿಂದ ಕಂದಿಗೆ ತಿರುಗಿದೆ, ಸರಿಯಾಗಿ ನಡುವೆ ನಿಲ್ಲುತ್ತಿದ್ದ ಇಷ್ಟಲಿಂಗದ ಕರಡಿಗೆ ಬಲಕ್ಕೆ ಜಾರುತ್ತದೆ, ನಡುವಿಗೆ ತಂದರೂ ಮತ್ತೆ ಜಾರುತ್ತದೆ, ಇದನ್ನೆಲ್ಲ ಪಂಚಾಕ್ಷರಿ ನೋಡಿಲ್ಲ, ದಾವಣಗೆರೆಯ ಕಾಲೇಜಿನಿಂದ ಹದಿನೈದು ದಿನಕ್ಕೊಮ್ಮೆ ಬರುವ ಗಂಡ, ಆಸ್ಪತ್ರೆಯ ಫಾರಂಗೆ ಸಹಿ ಹಾಕಿದವನು, ಕಿತ್ತಳೆ ಸುಲಿದು ಬೀಜ ತೆಗೆದು ತಿನ್ನಿಸಿದವನು, ಈಗ ಅವಳು ಸೀರೆ ಬದಲಿಸುವಾಗ ಪೇಪರು ಹಿಡಿದು ಹೊರಗೆ ಹೋಗುತ್ತಾನೆ, ಗಾಯ ಮಾಗಲಿ ಗಿರಿಜಾ, ಅವಸರ ಏನೈತಿ, ಮಾಗಿದೆ, ಮಾಗಿ ತಿಂಗಳಾಯಿತು, ಅವನದು ಹೆದರಿಕೆಯೋ ಹೇಸಿಗೆಯೋ, ಕೇಳಲು ತಕ್ಕ ಮಾತು ಸಿಗುವುದಿಲ್ಲ, ನೋಡು ಅಂದರೆ ಸಾಕು, ಹಗಲಿನಲ್ಲಿ, ಕಿಟಕಿ ತೆರೆದು, ನಾಡಿದ್ದು ಶನಿವಾರ ಬರುತ್ತಾನೆ — ಮುನಿಲಕ್ಷ್ಮಮ್ಮ ಟೇಪು ಬಿಟ್ಟು ಎಡಗಡೆಯ ಅಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು, ನೋಯುತ್ತಾ, ಇಲ್ಲ, ನೋಯುವುದಿಲ್ಲ, ಡಾಕ್ಟರನ್ನು ಬಿಟ್ಟರೆ ಯಾರೂ ಮುಟ್ಟದ ಜಾಗ, ಆ ಬೆರಳು ಅಲ್ಲೇ ಇನ್ನೊಂದು ಗಳಿಗೆ ಇದ್ದಿದ್ದರೆ, ಆ ಬೆರಳು ಅವನದಾಗಿದ್ದರೆ, ಎಡಬಲ ಸಮ ಇಲ್ಲ ಅಮ್ಮಾರೆ, ಇರ್ಲಿ ಬಿಡಿ, ನಮ್ಮನೆ ಎಮ್ಮೆ ಕೊಂಬೇ ಸಮ ಇಲ್ಲ, ಒಳಗೆ ಎರಡು ಮಡಿಕೆ ಬಟ್ಟೆ ಕೊಟ್ಟು ಹೊಲೀತೀನಿ, ನಿಮ್ಮ ಯಜಮಾನ್ರಿಗೂ ಗೊತ್ತಾಗಲ್ಲ, ಗಿರಿಜಾದೇವಿಗೆ ನಗು ಬಂತು, ಗೊತ್ತಾಗಲ್ಲ, ಗೊತ್ತಾಗದಿದ್ದರೆ ಅವನು ಪೇಪರು ಹಿಡಿದು ಹೊರಗೇ ಕೂತಿರಬಹುದು, ಈ ವರ್ಷ, ಮುಂದಿನ ವರ್ಷ, ಬೇಡ ಮುನಿಲಕ್ಷ್ಮಮ್ಮ, ಇರೋ ಹಾಗೇ ಹೊಲಿ, ಇರೋ ಹಾಗೇನಾ, ಹೂಂ, ಇರೋ ಹಾಗೇ, ಮುನಿಲಕ್ಷ್ಮಮ್ಮ ಹುಬ್ಬೇರಿಸಿ ಮಂಚದ ಮೇಲೆ ನೀಲಿ ಬಟ್ಟೆ ಹರಡಿದಳು, ಸೀಮೆಸುಣ್ಣದಿಂದ ಬಲಕ್ಕೊಂದು ಗುರುತು ಎಳೆದಳು, ಕೈ ತಡೆದು, ಎಡಕ್ಕೆ ಒಂದು ಬೆರಳು ಮೇಲೆ ಇನ್ನೊಂದು, ನೀಲಿಯ ಮೇಲೆ ಎರಡು ಬಿಳಿ ಗೆರೆ, ಒಂದು ಕೆಳಗೆ, ಒಂದು ಮೇಲೆ, ಒಂದು ಬೆರಳು, ಒಂದೇ ಒಂದು ಬೆರಳು